ಅಡ್ಜಸ್ಟ್ ಆಗಬೇಕಾದದ್ದು ಗಾಡಿ, ಮೈಯಲ್ಲ

ಅಡಿಕೆ ಕೊಯ್ಲಿನ ಕಾಲಕ್ಕೆ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಸುತ್ತಿನ ತೋಟಗಳಲ್ಲಿ ಗೊನೆ ಇಳಿಸುವವನು ಮರದ ಎತ್ತರ ನೋಡಿ ದೋಟಿ ಆರಿಸಿಕೊಳ್ಳುತ್ತಾನೆ. ಕುಡುಗೋಲಿನ ಹಿಡಿ ಅಂಗೈಗೆ ಒಗ್ಗದಿದ್ದರೆ ಅದನ್ನು ಕೆತ್ತಿಸಿಕೊಳ್ಳುತ್ತಾನೆ. ಮರದ ನೇಗಿಲು ಹೂಡುತ್ತಿದ್ದ ಕಾಲದಲ್ಲಿ ಬಡಗಿ ಮೇಣಿಯನ್ನು ಉಳುವವನ ಸೊಂಟದ ಎತ್ತರ ನೋಡಿಯೇ ಕೂಡಿಸುತ್ತಿದ್ದ. ಎತ್ತು ಬದಲಾದರೆ ನೊಗಕ್ಕೆ ಈಸು ಕಟ್ಟುವ ಜಾಗವೂ ಬದಲಾಗುತ್ತಿತ್ತು. ಅದೇ ರೈತನ ಮನೆಯಲ್ಲಿ ಇವತ್ತು ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಸಾಧನ ಬೈಕು. ತೋಟಕ್ಕೆ, ಬೋರ್‌ವೆಲ್ ಮೋಟರ್ ಹಾಕುವುದಕ್ಕೆ, ಹಾಲಿನ ಡೈರಿಗೆ, ಸಿರಿಗೆರೆಗೆ ಮಕ್ಕಳನ್ನು ಬಿಡುವುದಕ್ಕೆ, ಹೊಳಲ್ಕೆರೆಯ ಕೆಲಸಕ್ಕೆ, ಚಿತ್ರದುರ್ಗದ ಆಸ್ಪತ್ರೆಗೆ ಎಲ್ಲಕ್ಕೂ ಅದೇ. ಆದರೆ ಆ ಬೈಕಿನ ಹ್ಯಾಂಡಲ್ಲು ತನ್ನ ತೋಳಿಗೆ ಸರಿಯಾಗಿದೆಯೇ, ಸೀಟು ತನ್ನ ಕಾಲಿಗೆ ಸರಿಯಾಗಿದೆಯೇ ಎಂದು ಕೊಳ್ಳುವವನೂ ಕೇಳುವುದಿಲ್ಲ, ಕೊಡುವವನೂ ಹೇಳುವುದಿಲ್ಲ. ಶೋರೂಮಿನಿಂದ ಹೇಗೆ ಬಂತೋ ಹಾಗೇ ಹತ್ತು ವರ್ಷ ಓಡುತ್ತದೆ.

ಬೈಕಿನ ವಿಷಯದಲ್ಲಿ ನಮ್ಮ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತು ತಲೆಕೆಳಗಾಗಿ ಜಾರಿಯಲ್ಲಿದೆ. ಅಡ್ಜಸ್ಟ್ ಮಾಡಲೆಂದೇ ಬೋಲ್ಟು ಇಟ್ಟ ಗಾಡಿ ಇದ್ದ ಹಾಗೇ ಇರುತ್ತದೆ. ಬೋಲ್ಟಿಲ್ಲದ ಬೆನ್ನು, ಹೆಗಲು, ಮಣಿಕಟ್ಟುಗಳು ಅದಕ್ಕೆ ಬಗ್ಗುತ್ತವೆ. ಇದು ಬದಲಾಗಬೇಕು. ಹ್ಯಾಂಡಲ್, ಕ್ಲಚ್ ಮತ್ತು ಬ್ರೇಕ್ ಲಿವರು, ಕಾಲಿನ ಪೆಡಲು, ಸೀಟು ಇಷ್ಟನ್ನು ಸವಾರರ ಮೈಗೆ ಹೊಂದಿಸುವುದು ಶೋಕಿಯ ಮಾತಲ್ಲ, ಗಾಡಿಗೆ ಆಯಿಲ್ ಹಾಕಿದಷ್ಟೇ ಸಹಜವಾದ ಕೆಲಸ. ಅದನ್ನು ಗಾಡಿ ಕೈಗೆ ಕೊಡುವ ದಿನವೇ ಮಾಡಿ ಕೊಡುವುದು ಮಾರುವವರ ಹೊಣೆಯಾಗಬೇಕು ಎಂಬುದು ಈ ಲೇಖನದ ವಾದ.

ಮೊದಲು ಅಳತೆಗಳನ್ನು ನೋಡೋಣ. 1994ರಲ್ಲಿ ಬಂದು ಇಂದಿಗೂ ಹಳ್ಳಿಹಳ್ಳಿಯಲ್ಲಿ ಕಾಣುವ ಸ್ಪ್ಲೆಂಡರ್ ಬೈಕಿನ ಸೀಟು ನೆಲದಿಂದ 785 ಮಿಲಿಮೀಟರ್ ಎತ್ತರದಲ್ಲಿದೆ. ಪ್ಲಾಟಿನಾ 100ರದು 807. ಗೊಬ್ಬರದ ಚೀಲದಿಂದ ಹಿಡಿದು ಹಾಲಿನ ಕ್ಯಾನಿನವರೆಗೆ ಎಲ್ಲವನ್ನೂ ಹೊರುವ ಟಿವಿಎಸ್ ಎಕ್ಸೆಲ್ 100ರದು 787. ಹೆಣ್ಣುಮಕ್ಕಳ ಗಾಡಿ ಎಂದೇ ಎಷ್ಟೋ ಮನೆಗಳಲ್ಲಿ ಕೊಳ್ಳುವ ಆಕ್ಟಿವಾದ್ದು 765. ಇನ್ನು ಕೂರುವವರ ಅಳತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಳೆದಂತೆ ಭಾರತದ ವಯಸ್ಕ ಹೆಂಗಸಿನ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಗಂಡಸಿನದು ಸುಮಾರು 165. ತೊಡೆಸಂದಿನಿಂದ ಅಂಗಾಲಿನವರೆಗಿನ ಉದ್ದ ಸಾಮಾನ್ಯವಾಗಿ ಒಟ್ಟು ಎತ್ತರದ ಅರ್ಧಕ್ಕಿಂತ ತುಸು ಕಡಿಮೆ. ಅಂದರೆ ಸರಾಸರಿ ಹೆಂಗಸಿಗೆ ಅದು ಸರಿಸುಮಾರು 70 ಸೆಂಟಿಮೀಟರ್, ಗಂಡಸಿಗೆ 75ರ ಆಸುಪಾಸು. ಸೀಟು 76 ಅಥವಾ 78 ಸೆಂಟಿಮೀಟರ್ ಎತ್ತರ ಇದ್ದು, ಅದರ ಅಗಲಕ್ಕೆ ತೊಡೆಗಳು ಅಗಲಿಸಿ ನಿಂತಾಗ ಕಾಲು ಇನ್ನೂ ಮೋಟಾಗುತ್ತದೆ. ಕೂತ ಭಾರಕ್ಕೆ ಶಾಕ್ ಅಬ್ಸಾರ್ಬರ್ ಎರಡು ಮೂರು ಸೆಂಟಿಮೀಟರ್ ಕುಸಿಯುತ್ತದೆ, ಚಪ್ಪಲಿ ಒಂದೆರಡು ಸೆಂಟಿಮೀಟರ್ ಕೊಡುತ್ತದೆ ಎಂದಿಟ್ಟುಕೊಂಡರೂ ಲೆಕ್ಕ ಸಮವಾಗುವುದಿಲ್ಲ. ಆದ್ದರಿಂದಲೇ ಅಂಗನವಾಡಿಗೆ, ಶಾಲೆಗೆ, ಬ್ಯಾಂಕಿಗೆ ಸ್ಕೂಟರಿನಲ್ಲಿ ಹೋಗುವ ಎಷ್ಟೋ ಹೆಂಗಸರು ಗಾಡಿ ನಿಲ್ಲಿಸಿದಾಗ ಸೀಟಿನಿಂದ ಮುಂದಕ್ಕೆ ಜಾರಿ ತುದಿಗಾಲಿನಲ್ಲಿ ನಿಲ್ಲುತ್ತಾರೆ. ಅದು ಅವರ ಓಡಿಸುವ ಬಗೆಯ ದೋಷವಲ್ಲ, ಸೀಟಿನ ದೋಷ.

ಸರಾಸರಿ ಎನ್ನುವುದೂ ಒಂದು ಲೆಕ್ಕ ಮಾತ್ರ. ಒಂದೇ ಮನೆಯ ಅಪ್ಪ ಮತ್ತು ಮಗನ ನಡುವೆ ಗೇಣಿನಷ್ಟು ವ್ಯತ್ಯಾಸ ಇರುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1997ರಲ್ಲಿ ದೇಬಕುಮಾರ್ ಚಕ್ರಬರ್ತಿ ಅವರ ಭಾರತೀಯ ದೇಹ ಅಳತೆಗಳ ಗ್ರಂಥವನ್ನು ಪ್ರಕಟಿಸಿತು. ಕುರ್ಚಿಯಿಂದ ಯಂತ್ರದವರೆಗೆ ಏನನ್ನೇ ರೂಪಿಸುವವರು ನಮ್ಮ ಜನರ ಅಳತೆಯನ್ನು ಎದುರಿಗಿಟ್ಟುಕೊಳ್ಳಲಿ ಎಂಬುದೇ ಅದರ ಉದ್ದೇಶವಾಗಿತ್ತು. ಅಂಥ ಕೋಷ್ಟಕಗಳು ಕಲಿಸುವ ಮೊದಲ ಪಾಠ, ಸರಾಸರಿ ಮನುಷ್ಯನಿಗಾಗಿ ಮಾಡಿದ ವಸ್ತು ಎಲ್ಲರಿಗೂ ಹೊಂದುವುದಿಲ್ಲ, ಹಾಗಾಗಿ ಹೊಂದಿಸಿಕೊಳ್ಳುವ ಅವಕಾಶ ಇಡಬೇಕು ಎಂಬುದು. ಕಾರಿನವರು ಇದನ್ನು ಎಂದೋ ಒಪ್ಪಿಕೊಂಡರು. 1983ರ ಮಾರುತಿ 800ರ ಸೀಟು ಕೂಡ ಹಿಂದೆ ಮುಂದೆ ಸರಿಯುತ್ತಿತ್ತು. ಸೈಕಲ್ಲಿನವರಂತೂ ಮೊದಲಿನಿಂದಲೂ ಒಪ್ಪಿದ್ದಾರೆ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ, ಆ ಸೈಕಲ್ ಬಂದ ಮನೆಗಳಲ್ಲೆಲ್ಲ ಮೊದಲು ನಡೆಯುತ್ತಿದ್ದ ಕೆಲಸ ಪಾನಾ ತಂದು ಸೀಟಿನ ಕೊಳವೆಯನ್ನು ಮಗುವಿನ ಕಾಲಿಗೆ ಸರಿಯಾಗಿ ಇಳಿಸುವುದು. ಮಗು ಬೆಳೆದ ಹಾಗೆ ಅದನ್ನು ಏರಿಸುವುದು. ಇದನ್ನು ಯಾರೂ ನಮಗೆ ಕಲಿಸಬೇಕಾಗಿರಲಿಲ್ಲ. ಅದೇ ಮಗು ದೊಡ್ಡವನಾಗಿ ಲಕ್ಷ ರೂಪಾಯಿಯ ಗಾಡಿ ಕೊಂಡಾಗ ಆ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಾನೆ.

ಕೈ ಎಟುಕದಿದ್ದರೆ ಏನಾಗುತ್ತದೆ ಎನ್ನುವುದನ್ನು ಮೈಯ ಕಡೆಯಿಂದ ನೋಡಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಹಾಗೆ ಬಾಗಿದ್ದರೆ ಗುಂಡಿಗೆ ಚಕ್ರ ಬಿದ್ದ ಏಟನ್ನು ತೋಳಿನ ಸ್ನಾಯುಗಳು ಹೀರಿಕೊಳ್ಳುತ್ತವೆ. ತೋಳು ನೆಟ್ಟಗೆ ಚಾಚಿಕೊಂಡಿದ್ದರೆ ಆ ಏಟು ಮೂಳೆಯಿಂದ ಮೂಳೆಗೆ ದಾಟಿ ಹೆಗಲಿಗೆ, ಕತ್ತಿಗೆ ಹೋಗಿ ತಾಗುತ್ತದೆ. ಎಟುಕಿಸಿಕೊಳ್ಳಲು ಬೆನ್ನು ಬಗ್ಗಿದಾಗ ಸೊಂಟದ ಸಹಜ ಬಳುಕು ಮಾಯವಾಗಿ ಬೆನ್ನು ಬಿಲ್ಲಿನಂತಾಗುತ್ತದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನ್ಯಾಚೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಗಳ ನಡುವಿನ ಬಿಲ್ಲೆಯೊಳಗಿನ ಒತ್ತಡವನ್ನು ಸೂಜಿ ಇಟ್ಟು ಅಳೆದು, ಕೂತು ಮುಂದಕ್ಕೆ ಬಾಗಿದಾಗ ಅದು ಏರುತ್ತದೆ ಎಂದು ತೋರಿಸಿದರು. ಆ ಭಂಗಿಯಲ್ಲಿ ದಿನಕ್ಕೆ ಒಂದೆರಡು ಗಂಟೆ, ಜೊತೆಗೆ ಒಂದೇ ಸಿಲಿಂಡರಿನ ಎಂಜಿನ್ನಿನ ನಡುಕ, ಕೆಳಗಿಂದ ರಸ್ತೆಯ ಕುಲುಕಾಟ. ಸೊಂಟನೋವಿಗೆ ಬೈಕೊಂದೇ ಕಾರಣ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಬಗ್ಗಿ ಕಳೆ ಕೀಳುವುದು, ಅಡಿಕೆ ಸುಲಿಯಲು ಗಂಟೆಗಟ್ಟಲೆ ಕೂರುವುದು, ಮೂಟೆ ಹೊರುವುದು ಇವೆಲ್ಲ ತಮ್ಮ ಪಾಲು ಸೇರಿಸುತ್ತವೆ. ಆದರೆ ಹಾಗೆ ದಣಿದ ಬೆನ್ನನ್ನೇ ಮನೆಗೆ ಹೋಗುವ ದಾರಿಯಲ್ಲಿ ಮತ್ತೆ ಬಗ್ಗಿಸುವುದು ನೋವಿನ ಮೇಲೆ ನೋವು ಹಾಕುವುದೇ.

ಮಣಿಕಟ್ಟು ಇನ್ನೂ ಸೂಕ್ಷ್ಮ. ಬೈಕು ಓಡಿಸಿ ಇಳಿದಾಗ ಕೈ ಜೋಮು ಹಿಡಿಯುತ್ತದೆ ಎನ್ನುವವರು ಯಾವ ಬೆರಳು ಎಂದು ಗಮನಿಸಿದರೆ ಗಾಡಿಯ ತಪ್ಪು ಎಲ್ಲಿದೆ ಎಂದು ಮುಕ್ಕಾಲು ಪಾಲು ತಿಳಿಯುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹತ್ತಿದರೆ ಮಣಿಕಟ್ಟಿನ ನಡುವಿನ ಕಿರಿದಾದ ಸಂದಿಯಲ್ಲಿ ಹಾದುಹೋಗುವ ನರ ಒತ್ತಿಕೊಳ್ಳುತ್ತಿದೆ. ಲಿವರು ಬಹಳ ಮೇಲಕ್ಕೋ ಬಹಳ ಕೆಳಕ್ಕೋ ಇದ್ದು ಮಣಿಕಟ್ಟು ಸದಾ ಮಡಚಿಕೊಂಡಿರುವುದು ಇದಕ್ಕೆ ಒಂದು ಕಾರಣ. ಕಿರುಬೆರಳು, ಉಂಗುರಬೆರಳಿಗೆ ಜೋಮು ಬಂದರೆ ಅಂಗೈಯ ಬುಡದ ಮೇಲೆ ಮೈಭಾರ ಬೀಳುತ್ತಿದೆ. ಹ್ಯಾಂಡಲ್ ದೂರ ಅಥವಾ ತಗ್ಗಾಗಿದ್ದು ಸವಾರ ಅದರ ಮೇಲೆ ಒರಗುತ್ತಿದ್ದಾನೆ. ಉದ್ದ ದಾರಿ ತುಳಿಯುವ ಸೈಕಲ್ ಸವಾರರಲ್ಲಿ ವೈದ್ಯರು ಎಂದಿನಿಂದಲೂ ಕಂಡಿರುವ ತೊಂದರೆ ಇದು. ಜೋಮು ಹಿಡಿದ ಕೈ ಹ್ಯಾಂಡಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಬಿಗಿಯಾಗಿ ಹಿಡಿದಷ್ಟೂ ಎಂಜಿನ್ನಿನ ನಡುಕ ಹೆಚ್ಚಾಗಿ ಕೈಗೆ ಇಳಿಯುತ್ತದೆ. ಒಂದು ತಪ್ಪು ಇನ್ನೊಂದನ್ನು ಸಾಕುತ್ತದೆ.

ನೋವು ಒಂದು ಕಡೆ ಇರಲಿ, ಪ್ರಾಣದ ಲೆಕ್ಕವೂ ಇದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಬ್ರೇಕ್ ಲಿವರು ಬೆರಳಿಗೆ ಸಿಗದೆ ಅಂಗೈಯನ್ನು ಹಿಡಿಯಿಂದ ಸರಿಸಿ ಹುಡುಕಬೇಕಾಗಿ ಬಂದು ಅರ್ಧ ಸೆಕೆಂಡು ಹೋದರೆ ಐದೂವರೆ ಮೀಟರು ಹೋಯಿತು. ರಸ್ತೆಗೆ ಅಡ್ಡ ಬಂದ ಕರುವಿಗೂ ಗಾಡಿಗೂ ನಡುವೆ ಕೆಲವೊಮ್ಮೆ ಇರುವುದೇ ಅಷ್ಟು. ಭೀಮಸಮುದ್ರದ ಕಡೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ. ಲಾರಿ ಎದುರು ಬಂದಾಗ ಬೈಕಿನವರು ಮಾಡುವುದು ಒಂದೇ, ಎಡಕ್ಕೆ ಸರಿದು ಡಾಂಬರಿನ ಅಂಚು ಬಿಟ್ಟು ಮಣ್ಣಿಗೆ ಇಳಿದು ಎಡಗಾಲು ಊರಿ ನಿಲ್ಲುವುದು. ಅಲ್ಲಿ ನೆಲ ಚಕ್ರ ನಿಂತ ಜಾಗಕ್ಕಿಂತ ತಗ್ಗು. ಸಮತಟ್ಟು ನೆಲದಲ್ಲೇ ತುದಿಗಾಲು ಊರುವವರಿಗೆ ಅಲ್ಲಿ ಆ ತುದಿಯೂ ಸಿಗುವುದಿಲ್ಲ. ಹಿಂದೆ ಹೆಂಡತಿ ಮಗುವೋ ಐವತ್ತು ಕೇಜಿಯ ಚೀಲವೋ ಇದ್ದರೆ ಗಾಡಿ ಎಡಕ್ಕೆ ವಾಲಿ ಮಗುಚುತ್ತದೆ. ಅದು ನಿಂತ ಗಾಡಿ ಬಿದ್ದದ್ದು, ಯಾವ ಪೊಲೀಸ್ ಠಾಣೆಯಲ್ಲೂ ದಾಖಲಾಗದ ಅಪಘಾತ. ಮಡಚಿದ ಮೊಣಕಾಲು, ಸೈಲೆನ್ಸರಿಗೆ ತಾಗಿ ಸುಟ್ಟ ಮೀನಖಂಡ ಮನೆಯ ಲೆಕ್ಕಕ್ಕೆ ಹೋಗುತ್ತವೆ. ದಾಖಲಾದದ್ದೇ ಬೇಕೆಂದರೆ, ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಇವರಲ್ಲಿ ಎಷ್ಟು ಮಂದಿಗೆ ಕೈ ಎಟುಕಲಿಲ್ಲ, ಕಾಲು ನಿಲುಕಲಿಲ್ಲ ಎಂದು ಯಾರೂ ಬರೆದಿಟ್ಟಿಲ್ಲ. ಅತಿವೇಗ, ಹೆಲ್ಮೆಟ್ ಇಲ್ಲದಿರುವುದು ದೊಡ್ಡ ಕಾರಣಗಳು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಬ್ರೇಕನ್ನು ಸುಲಭವಾಗಿ ಹಿಡಿಯಲಾರದ ಕೈ ಸುರಕ್ಷಿತ ಎಂದು ವಾದಿಸುವವರು ಯಾರಿದ್ದಾರೆ?

ಸರಿಪಡಿಸುವ ಕೆಲಸ ಎಷ್ಟು ಚಿಕ್ಕದು ಎಂದು ತಿಳಿದರೆ ಬೇಸರ ಹೆಚ್ಚಾಗುತ್ತದೆ. ನೂರು, ನೂರಿಪ್ಪತ್ತೈದು ಸಿಸಿಯ ಸಾಮಾನ್ಯ ಬೈಕಿನಲ್ಲಿ ಹ್ಯಾಂಡಲ್ ಎಂದರೆ ಬಾಗಿಸಿದ ಒಂದು ಉಕ್ಕಿನ ಕೊಳವೆ. ಅದನ್ನು ಎರಡು ಹಿಡಿಕೆಗಳು ನಾಲ್ಕು ಬೋಲ್ಟಿನಲ್ಲಿ ಕಚ್ಚಿಕೊಂಡಿರುತ್ತವೆ. ಬೋಲ್ಟುಗಳನ್ನು ಪೂರ್ತಿ ಬಿಚ್ಚಬೇಕಾಗಿಲ್ಲ, ಸಡಿಲಿಸಿದರೆ ಸಾಕು, ಕೊಳವೆ ತನ್ನ ಅಚ್ಚಿನಲ್ಲೇ ತಿರುಗುತ್ತದೆ. ತಿರುಗಿಸುವ ಮೊದಲು ನೋಡಿದರೆ ಕೊಳವೆಯ ಮೇಲೆ ಒಂದು ಸಣ್ಣ ಚುಕ್ಕೆ ಕೊರೆದಿರುವುದು ಎಷ್ಟೋ ಗಾಡಿಗಳಲ್ಲಿ ಕಾಣುತ್ತದೆ. ಕಂಪನಿಯವರು ಅದನ್ನು ಹಿಡಿಕೆಯ ಅಂಚಿಗೆ ಕೂಡಿಸಿ ಬಿಗಿದಿರುತ್ತಾರೆ. ಆ ಚುಕ್ಕೆಯಿಂದ ಸವಾರನ ಕಡೆಗೆ ಕೊಳವೆಯನ್ನು ತುಸು ಹೊರಳಿಸಿದರೆ ಹಿಡಿಯ ತುದಿ ಬೆರಳಿನಗಲದಷ್ಟು ಹತ್ತಿರ ಬರುತ್ತದೆ. ಬೆರಳಿನಗಲ ಎಂದರೆ ಕಡಿಮೆ ಅನ್ನಿಸಬಹುದು. ನೆಟ್ಟಗೆ ಚಾಚಿದ ಮೊಣಕೈ ಬಾಗಿ ಹಗುರಾಗಲು ಎಷ್ಟೋ ಜನಕ್ಕೆ ಅಷ್ಟೇ ಸಾಕು. ಆಮೇಲೆ ಕ್ಲಚ್ ಮತ್ತು ಬ್ರೇಕ್ ಲಿವರುಗಳ ಹಿಡಿಕೆಯ ಸ್ಕ್ರೂ ಸಡಿಲಿಸಿ, ಸವಾರ ಸೀಟಿನ ಮೇಲೆ ಸಹಜವಾಗಿ ಕೂತಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರುವ ಹಾಗೆ ಲಿವರನ್ನು ಕೂರಿಸಬೇಕು. ಗೇರಿನ ಪೆಡಲು ಹಲ್ಲುಗಳಿರುವ ಅಚ್ಚಿನ ಮೇಲೆ ಕೂತಿರುತ್ತದೆ, ಒಂದು ಹಲ್ಲು ಹಿಂದೆ ಮುಂದೆ ಹಾಕಿದರೆ ಪಾದದ ಎತ್ತರ ಬದಲಾಗುತ್ತದೆ. ಹಿಂಬದಿ ಬ್ರೇಕಿನ ಪೆಡಲಿಗೂ ತಡೆಯ ಬೋಲ್ಟು ಇರುತ್ತದೆ.

ಎಲ್ಲ ಬಿಗಿದ ಮೇಲೆ ಮಾಡಲೇಬೇಕಾದ ಒಂದು ಪರೀಕ್ಷೆ ಇದೆ, ಅದನ್ನು ಬಿಡಬಾರದು. ಎಂಜಿನ್ ಚಾಲೂ ಮಾಡಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಬೇಕು. ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಎಕ್ಸಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಎಂದರ್ಥ. ತಿರುವಿನಲ್ಲಿ ಗಾಡಿ ತಾನೇ ಮುಂದೆ ನುಗ್ಗುತ್ತದೆ. ಹಿಡಿ ಟ್ಯಾಂಕಿಗೆ ತಾಗಬಾರದು, ಬ್ರೇಕಿನ ಕೊಳವೆ ಬಿಗಿಯಾಗಬಾರದು. ಮಿರರ್‌ಗಳನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಇಷ್ಟಕ್ಕೂ ಸೇರಿ ಕೈಪಳಗಿದ ಮೆಕ್ಯಾನಿಕ್ಕಿಗೆ ಹದಿನೈದು ನಿಮಿಷ ಬೇಕಾಗದು.

ಸೀಟಿನ ಕೆಲಸ ತುಸು ಬೇರೆ. ಸೀಟನ್ನು ತಗ್ಗಿಸಬೇಕು ಎಂದ ಕೂಡಲೇ ಎಲ್ಲರೂ ಯೋಚಿಸುವುದು ಎತ್ತರವನ್ನು ಮಾತ್ರ. ಆದರೆ ಕಾಲು ನೆಲ ಮುಟ್ಟುವುದು ಬಿಡುವುದು ಅಗಲದ ಮೇಲೂ ನಿಂತಿದೆ. ಟ್ಯಾಂಕಿನ ಹತ್ತಿರ ತೊಡೆ ತಾಗುವ ಎರಡೂ ಅಂಚುಗಳನ್ನು ಸವರಿ ಕಿರಿದು ಮಾಡಿದರೆ ಕಾಲು ನೆಟ್ಟಗೆ ಇಳಿಯುತ್ತದೆ. ಎತ್ತರ ಅಷ್ಟೇ ಇದ್ದರೂ ಅಂಗಾಲು ಊರುತ್ತದೆ. ರೆಕ್ಸಿನ್ ಹೊಲಿಯುವ ಸೀಟಿನ ಅಂಗಡಿಯವರು ಪಿನ್ನು ಕಿತ್ತು ಹೊದಿಕೆ ಬಿಚ್ಚಿ ಫೋಮನ್ನು ಬ್ಲೇಡಿನಲ್ಲಿ ಸವರುವಾಗ ಸವಾರರೇ ಎರಡು ಮೂರು ಸಲ ಗಾಡಿ ಹತ್ತಿ ಇಳಿದು ತೋರಿಸಬೇಕು. ದರ್ಜಿ ಅಳತೆ ತೆಗೆದುಕೊಳ್ಳದೆ ರವಿಕೆ ಹೊಲಿಯುತ್ತಾನೆಯೇ? ಮೆತ್ತಗಿದ್ದರೆ ಸುಖ ಎಂದು ಸ್ಪಂಜು ತುಂಬಿಸುವುದು ಇನ್ನೊಂದು ತಪ್ಪು ತಿಳಿವಳಿಕೆ. ಮೆತ್ತನೆಯ ಸ್ಪಂಜು ಹತ್ತು ನಿಮಿಷದಲ್ಲಿ ತಳ ಮುಟ್ಟಿ ಕೂರುವ ಮೂಳೆ ಹಲಗೆಗೆ ಒತ್ತುತ್ತದೆ. ತುಸು ಗಟ್ಟಿಯಾದ, ಭಾರವನ್ನು ಹರಡುವ ಫೋಮು ಉದ್ದ ದಾರಿಗೆ ಒಳ್ಳೆಯದು. ಹಳೆಯ ಗಾಡಿಗಳಲ್ಲಿ ಫೋಮು ಕುಸಿದು ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿರುತ್ತದೆ. ಅಂಥ ಸೀಟಿನಲ್ಲಿ ಸವಾರ ಪ್ರತಿ ಬ್ರೇಕಿಗೂ ಮುಂದೆ ಜಾರಿ ಕೈಯಿಂದ ತಡೆದುಕೊಳ್ಳುತ್ತಾನೆ. ಕೈನೋವು ಎಂದು ಹ್ಯಾಂಡಲ್ಲನ್ನು ಬೈಯುವವರು ಸೀಟನ್ನೂ ಒಮ್ಮೆ ಒತ್ತಿ ನೋಡಬೇಕು. ಸ್ಕೂಟರಿನ ಹ್ಯಾಂಡಲ್ ಸಾಮಾನ್ಯವಾಗಿ ಹೊರಳುವುದಿಲ್ಲವಾದ್ದರಿಂದ ಅಲ್ಲಿ ಇರುವ ದಾರಿ ಸೀಟಿನದೇ.

ಹಿಂಬದಿಯ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಮೆಟ್ಟಿಲಿನಂಥ ಹಂತಗಳಿರುತ್ತವೆ, ಬಹುತೇಕ ಬೈಕುಗಳಲ್ಲಿ ಐದು. ಒಬ್ಬರೇ ಓಡಾಡುವವರು ತಗ್ಗಿನ ಹಂತದಲ್ಲಿ ಇಟ್ಟುಕೊಂಡರೆ ಗಾಡಿ ಮೆತ್ತಗಾಗುವುದಲ್ಲದೆ ಸೀಟು ತುಸು ಇಳಿಯುತ್ತದೆ. ಹಿಂದೆ ಅಡಿಕೆ ಚೀಲ ಹೇರುವವರು, ಇಬ್ಬರು ಕೂರುವವರು ಏರಿಸಿಕೊಳ್ಳಬೇಕು. ಇಲ್ಲದಿದ್ದರೆ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ಹ್ಯಾಂಡಲ್ ತೂಗಾಡುತ್ತದೆ, ಹೆಡ್‌ಲೈಟು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಈ ಹಂತಗಳನ್ನು ಕೊಂಡ ದಿನದಿಂದ ಗುಜರಿಗೆ ಹಾಕುವ ದಿನದವರೆಗೆ ಒಮ್ಮೆಯೂ ಮುಟ್ಟದ ಗಾಡಿಗಳೇ ಹೆಚ್ಚು.

ಇದಕ್ಕೆ ಬರುವ ಮೊದಲ ಆಕ್ಷೇಪ ಕಾನೂನಿನದು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಆ ನಿಯಮ ಸರಿಯಾದದ್ದೇ, ಅದನ್ನು ಸಡಿಲಿಸಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಕಂಪನಿಯವರೇ ಕೊಟ್ಟ ಬೋಲ್ಟನ್ನು ಸಡಿಲಿಸಿ ಕಂಪನಿಯವರೇ ಕೊಟ್ಟ ಕೊಳವೆಯನ್ನು ಹೊರಳಿಸುವುದು, ಅವರೇ ಇಟ್ಟ ಐದು ಹಂತಗಳಲ್ಲಿ ಒಂದನ್ನು ಆರಿಸುವುದು ಮಾರ್ಪಾಡಲ್ಲ, ಇರುವ ಅನುಕೂಲದ ಬಳಕೆ. ಮಾರ್ಪಾಡು ಎಂದರೆ ಬೇರೆ, ಅದು ನಿಜಕ್ಕೂ ಅಪಾಯ. ಹ್ಯಾಂಡಲ್ಲನ್ನು ಗ್ಯಾಸಿನಲ್ಲಿ ಕಾಯಿಸಿ ಬಾಗಿಸುವವರಿದ್ದಾರೆ. ಕಾಯಿಸಿದ ಜಾಗದಲ್ಲಿ ಉಕ್ಕು ಕಸುವು ಕಳೆದುಕೊಂಡು ಮುಂದೊಂದು ದಿನ ಗುಂಡಿಯಲ್ಲಿ ಮುರಿಯುತ್ತದೆ. ಎತ್ತರಿಸಲೆಂದು ಹಿಡಿಕೆಯ ಕೆಳಗೆ ಯಾವುದೋ ಲೋಹದ ತುಂಡು ಕೊಡುವವರು, ಸೀಟು ತಗ್ಗಲೆಂದು ಚಿಕ್ಕ ಶಾಕ್ ಅಬ್ಸಾರ್ಬರ್ ಹಾಕುವವರು ಇದ್ದಾರೆ. ಹಾಗೆ ತಗ್ಗಿಸಿದಾಗ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ, ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ನೆಟ್ಟಗೆ ನಿಂತು ಗಾಳಿಗೆ ಬೀಳುತ್ತದೆ. ನೋಟಕ್ಕೆಂದು ಯುವಕರು ಹ್ಯಾಂಡಲ್ಲನ್ನು ತಗ್ಗಿಸಿ ಬೆನ್ನನ್ನು ಕೋನವಾಗಿಸಿಕೊಳ್ಳುವುದಂತೂ ನಾನು ಹೇಳುತ್ತಿರುವುದಕ್ಕೆ ಪೂರ್ತಿ ವಿರುದ್ಧ. ಎಲ್ಲಿಯವರೆಗೆ ಹೊಂದಾಣಿಕೆ, ಎಲ್ಲಿಂದ ಮಾರ್ಪಾಡು ಎಂಬ ಗೆರೆ ಜನಕ್ಕೆ ತಿಳಿದಿಲ್ಲವಾದ್ದರಿಂದಲೇ ಅದನ್ನು ಅಧಿಕೃತ ಮಾರಾಟಗಾರರ ವರ್ಕ್‌ಶಾಪಿನಲ್ಲೇ ಮಾಡಿಕೊಡಬೇಕು ಎನ್ನುವುದು.

ಎರಡನೆಯ ಆಕ್ಷೇಪ, ಮೊದಲು ರಸ್ತೆ ಸರಿಮಾಡಲಿ ಎಂಬುದು. ಅದಿರಿನ ಲಾರಿ ತುಳಿದ ರಸ್ತೆಯಲ್ಲಿ ದಿನವೂ ಧೂಳು ಕುಡಿಯುವವರ ಸಿಟ್ಟು ನ್ಯಾಯವಾದದ್ದು. ರಸ್ತೆ ಸರಿಯಾಗಲೇಬೇಕು. ಆದರೆ ರಸ್ತೆಗೆ ಟೆಂಡರು ಬೇಕು, ಅನುದಾನ ಬೇಕು, ಮಳೆ ನಿಲ್ಲಬೇಕು. ಹ್ಯಾಂಡಲ್ಲಿಗೆ ಒಂದು ಪಾನಾ ಸಾಕು. ಕೆಟ್ಟ ರಸ್ತೆ ಇರುವ ಊರಿಗೇ ಸರಿಯಾದ ಭಂಗಿ ಹೆಚ್ಚು ಬೇಕು ಎಂಬುದನ್ನು ಮರೆಯಬಾರದು. ಹೆದ್ದಾರಿಯ ನುಣ್ಣನೆ ಡಾಂಬರಿನ ಮೇಲೆ ತಪ್ಪು ಭಂಗಿಯೂ ಹೇಗೋ ನಡೆದುಹೋಗುತ್ತದೆ. ಓಡಿಸುತ್ತಾ ಓಡಿಸುತ್ತಾ ಅಭ್ಯಾಸವಾಗುತ್ತದೆ ಎನ್ನುವವರ ಮಾತಿಗೆ ಉತ್ತರ ಇನ್ನೂ ಚಿಕ್ಕದು. ಅಭ್ಯಾಸವಾಗುವುದು ಮನಸ್ಸಿಗೆ. ಒತ್ತಿಕೊಂಡ ನರಕ್ಕೆ, ಸವೆದ ಬಿಲ್ಲೆಗೆ ಅಭ್ಯಾಸ ಎಂಬುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸಾಲಸೋಲದ ವಿಷಯಕ್ಕೆ ಸರಿ. ದುಡ್ಡು ಕೊಟ್ಟು ತಂದ ಗಾಡಿಯ ವಿಷಯಕ್ಕಲ್ಲ.

ಮಾರಾಟಗಾರರು ತಮಗೆ ಸಮಯವಿಲ್ಲ ಎನ್ನಬಹುದು. ಹೊಸ ಗಾಡಿ ಕೈಗೆ ಕೊಡುವ ಮೊದಲು ಅವರು ಗಾಳಿ, ಆಯಿಲ್, ಬ್ಯಾಟರಿ, ಚೈನು ನೋಡಿ ಪಟ್ಟಿಗೆ ಗುರುತು ಹಾಕುತ್ತಾರೆ. ಆಮೇಲೆ ಹಾರ ಹಾಕಿ, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಮನೆಯವರನ್ನೆಲ್ಲ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಅದು ಒಳ್ಳೆಯ ಪದ್ಧತಿ, ಒಂದು ಕುಟುಂಬದ ವರ್ಷಗಳ ಉಳಿತಾಯಕ್ಕೆ ಸಲ್ಲುವ ಗೌರವ. ಆ ಪಟ್ಟಿಗೆ ಇನ್ನೊಂದೇ ಸಾಲು ಸೇರಬೇಕು: ಸವಾರರನ್ನು ಕೂರಿಸಿ ಹ್ಯಾಂಡಲ್, ಲಿವರು, ಪೆಡಲು, ಶಾಕ್ ಅಬ್ಸಾರ್ಬರ್ ಹೊಂದಿಸಲಾಗಿದೆ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಓಡಿಸುವವಳು ಮಗಳಾದರೆ ಕೂರಬೇಕಾದವಳು ಮಗಳು. ಒಂದೇ ಗಾಡಿಯನ್ನು ಮನೆಯಲ್ಲಿ ಇಬ್ಬರು ಮೂವರು ಓಡಿಸುವುದಾದರೆ ಎಲ್ಲರಲ್ಲಿ ಗಿಡ್ಡ ಇರುವವರಿಗೆ ಹೊಂದಿಸುವುದು ಸರಿ; ಎತ್ತರದವರಿಗೆ ಅದರಿಂದ ತುಸು ಅನನುಕೂಲವಾದೀತು, ಗಿಡ್ಡದವರಿಗೆ ಇಲ್ಲದಿದ್ದರೆ ಅಪಾಯವಾಗುತ್ತದೆ.

ಸರ್ಕಾರಕ್ಕೆ ಇದು ಹೊಸ ದಾರಿಯೂ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 123ನೇ ನಿಯಮ ಹಿಂಬದಿ ಸವಾರರಿಗೆ ಹಿಡಿ, ಕಾಲೂರುವ ಮೆಟ್ಟು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು ಎಂದು ಕಡ್ಡಾಯ ಮಾಡಿತು. ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವ ನಮ್ಮ ಹೆಂಗಸರನ್ನು ನೋಡಿ ಬರೆದ ನಿಯಮ ಅದು. ಬೇರೆ ದೇಶದ ನಕ್ಷೆಯಿಂದ ಬಂದ ಬೈಕನ್ನು ನಮ್ಮ ಮೈಗೆ, ನಮ್ಮ ಉಡುಪಿಗೆ ಹೊಂದಿಸಿದ ನಿಯಮ. ಗಾಡಿಯ ಜೊತೆ ಹೆಲ್ಮೆಟ್ ಕೊಡಬೇಕೆಂಬ ನಿಯಮವೂ ಇದೇ ಪುಸ್ತಕದಲ್ಲಿದೆ. ಹಿಂದೆ ಕೂರುವವರ ಸೆರಗಿನ ಬಗ್ಗೆ ಯೋಚಿಸಿದ ನಿಯಮಾವಳಿ ಮುಂದೆ ಕೂರುವವರ ಕೈಕಾಲಿನ ಬಗ್ಗೆ ಯೋಚಿಸುವುದು ಮುಂದಿನ ಹೆಜ್ಜೆ ಮಾತ್ರ.

ತಯಾರಕರ ಪಾಲೂ ದೊಡ್ಡದಿದೆ. ರಾಯಲ್ ಎನ್‌ಫೀಲ್ಡ್‌ನವರು 2023ರ ನವೆಂಬರಿನಲ್ಲಿ ತಂದ ಹಿಮಾಲಯನ್ 450 ಬೈಕಿನ ಸೀಟನ್ನು 825 ಮತ್ತು 845 ಮಿಲಿಮೀಟರ್ ಎಂಬ ಎರಡು ಎತ್ತರಗಳಲ್ಲಿ ಕೂರಿಸಬಹುದು. ಪ್ರವಾಸಕ್ಕೆಂದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿಗೆ ಸಿಗುವ ಈ ಅನುಕೂಲ, ದಿನವಿಡೀ ಹೊಟ್ಟೆಪಾಡಿಗೆ ಓಡಿಸುವವರ ನೂರು ಸಿಸಿ ಗಾಡಿಯಲ್ಲಿ ಕಾಣುವುದಿಲ್ಲ. ಬೆರಳಿನುದ್ದಕ್ಕೆ ತಕ್ಕಂತೆ ಲಿವರನ್ನು ಹತ್ತಿರ ತರುವ ಸಣ್ಣ ತಿರುಗಣಿಯೂ ದುಬಾರಿ ಬೈಕುಗಳ ಪಾಲಾಗಿದೆ. 2024–25ರಲ್ಲಿ ದೇಶದೊಳಗೆ ಸುಮಾರು 1.96 ಕೋಟಿ ದ್ವಿಚಕ್ರ ವಾಹನಗಳು ಮಾರಾಟವಾದವು. ಅಷ್ಟು ಸಂಖ್ಯೆಯಲ್ಲಿ ಮಾಡುವ ವಸ್ತುವಿಗೆ ಒಂದು ತಿರುಗಣಿಯ, ಎರಡನೆಯ ಅಳತೆಯ ಒಂದು ಸೀಟಿನ ಖರ್ಚು ಹೊರಲಾರದಷ್ಟು ಆಗುವುದಿಲ್ಲ. ನಮ್ಮ ರಾಜ್ಯದಲ್ಲೇ, ಮೈಸೂರಿನ ಟಿವಿಎಸ್ ಮತ್ತು ಕೋಲಾರದ ನರಸಾಪುರದ ಹೋಂಡಾ ಕಾರ್ಖಾನೆಗಳಲ್ಲಿ ಈ ಗಾಡಿಗಳು ತಯಾರಾಗುತ್ತವೆ. ಕಾರ್ಖಾನೆಯ ಬಾಗಿಲಲ್ಲೇ ಇರುವ ನಮ್ಮ ಹೆಣ್ಣುಮಕ್ಕಳ ಎತ್ತರ ಅವರಿಗೆ ತಿಳಿಯದ ಸಂಗತಿಯಲ್ಲ.

ನಿಯಮ ಬರುವವರೆಗೆ, ಕಂಪನಿಗಳು ಮನಸ್ಸು ಮಾಡುವವರೆಗೆ ಕಾಯಬೇಕಾಗಿಲ್ಲ. ಹೊಸ ಗಾಡಿ ಕೊಂಡವರಿಗೆ ಮೊದಲ ಉಚಿತ ಸರ್ವಿಸ್ ಇದಕ್ಕೆ ಒಳ್ಳೆಯ ಸಮಯ; ಅಷ್ಟರಲ್ಲಿ ಕೆಲವು ನೂರು ಕಿಲೋಮೀಟರ್ ಓಡಿ ಎಲ್ಲಿ ನೋಯುತ್ತದೆ, ಯಾವ ಬೆರಳಿಗೆ ಜೋಮು ಹತ್ತುತ್ತದೆ ಎಂದು ಮೈಗೇ ಗೊತ್ತಾಗಿರುತ್ತದೆ. ಹಳೆಯ ಗಾಡಿಯವರು ಮುಂದಿನ ಸಲ ಆಯಿಲ್ ಬದಲಾಯಿಸಲು ಹೋದಾಗ ಬಿಲ್ಲು ಬರೆಸುವ ಮೊದಲು ಒಮ್ಮೆ ಗಾಡಿಯ ಮೇಲೆ ಕೂತು, ದಿನಾ ತೊಡುವ ಚಪ್ಪಲಿಯಲ್ಲೇ ಕಾಲೂರಿ, ಮೊಣಕೈ ಬಾಗಿದೆಯೇ ಎಂದು ಮೆಕ್ಯಾನಿಕ್ಕಿಗೆ ತೋರಿಸಿ. ಹೊಂದಿಸಿಕೊಡಿ ಎಂದು ಕೇಳಿ. ಮನೆಯಲ್ಲಿ ಅಮ್ಮನೋ ಅಕ್ಕನೋ ಅದೇ ಗಾಡಿ ಓಡಿಸುವುದಾದರೆ ಅವರನ್ನೂ ಕರೆದುಕೊಂಡು ಹೋಗಿ.